ಗಡಿ ದಾಟುವ ಜಲ್ಲಿ, ಗಡಿ ದಾಟುವ ಕೈಗಳು



ನಸುಕಿನಲ್ಲಿ ಡೆಂಕಣಿಕೋಟೆಯಿಂದ ಹೊಸೂರಿಗೆ ಹೊರಡುವ ಬಸ್ಸಿನಲ್ಲಿ ಎರಡು ಬಗೆಯ ಚೀಲಗಳು ಕಣ್ಣಿಗೆ ಬೀಳುತ್ತವೆ. ಒಂದು, ಕಾರ್ಖಾನೆಯ ಪಾಳಿಗೆ ಹೊರಟ ಹುಡುಗ ಹುಡುಗಿಯರ ಬೆನ್ನುಚೀಲ. ಇನ್ನೊಂದು, ಖಾಲಿ ಸಿಮೆಂಟ್ ಚೀಲವನ್ನೇ ಮಡಚಿ ಹೊಲಿದ ಕೈಚೀಲ. ಅದರ ಬಾಯಿಂದ ಕರಣೆಯ ಹಿಡಿ ಇಣುಕುತ್ತಿರುತ್ತದೆ. ಒಳಗೆ ತೂಗುಗುಂಡು, ಮಟ್ಟ ನೋಡುವ ಪೈಪು, ಒಂದು ಜೊತೆ ಹಳೆಯ ಬಟ್ಟೆ, ಮಧ್ಯಾಹ್ನಕ್ಕೆ ಮುದ್ದೆಯ ಡಬ್ಬಿ. ಬಸ್ಸನ್ನು ಹಿಂದೆ ಹಾಕಿ ಹೋಗುವ ಟಿಪ್ಪರುಗಳಲ್ಲಿ ಜಲ್ಲಿ, ಕಲ್ಲನ್ನೇ ಪುಡಿಮಾಡಿ ತಯಾರಿಸಿದ ಮರಳಾದ ಎಂ-ಸ್ಯಾಂಡು. ಹೊಸೂರು ಕಳೆದು, ಜೂಜುವಾಡಿ ಕಳೆದರೆ ಅತ್ತಿಬೆಲೆ. ಅಲ್ಲಿಗೆ ತಮಿಳುನಾಡು ಮುಗಿದು ಕರ್ನಾಟಕ. ಕಲ್ಲೂ ಅದೇ ದಾರಿ ಹಿಡಿಯುತ್ತದೆ, ಕಲ್ಲು ಕಟ್ಟುವವರೂ ಅದೇ ದಾರಿ ಹಿಡಿಯುತ್ತಾರೆ.

ದೇಶದ ಕಟ್ಟಡ ಉದ್ಯಮದ ಸ್ಥಿತಿಗತಿಯನ್ನು ಮುಂಬಯಿಯ ಷೇರುಪೇಟೆಯಲ್ಲಿ ಕೂತು ಓದುವವರಿದ್ದಾರೆ. ಈ ರಸ್ತೆಯ ಬದಿಯಲ್ಲಿ ನಿಂತೂ ಅದನ್ನು ಓದಬಹುದು.

ಮೊದಲು ದೊಡ್ಡ ಲೆಕ್ಕ. 2024-25ರಲ್ಲಿ ಭಾರತದ ಒಟ್ಟು ಆರ್ಥಿಕತೆ ಶೇ. 6.5ರಷ್ಟು ಬೆಳೆಯಿತು ಎಂದು ಸರ್ಕಾರದ ತಾತ್ಕಾಲಿಕ ಅಂದಾಜು ಹೇಳಿತು. ಅದೇ ವರ್ಷ ಕಟ್ಟಡ ನಿರ್ಮಾಣದ ಬೆಳವಣಿಗೆ ಶೇ. 9.4. ದೇಶದಲ್ಲಿ ದುಡಿಯುವ ನೂರು ಮಂದಿಯಲ್ಲಿ ಸುಮಾರು ಹನ್ನೆರಡು ಮಂದಿಗೆ ಕಟ್ಟಡದ ಕೆಲಸವೇ ಅನ್ನ. ವರ್ಷಕ್ಕೆ ಸುಮಾರು 45 ಕೋಟಿ ಟನ್ ಸಿಮೆಂಟ್ ತಯಾರಾಗುತ್ತದೆ. ಚೀನಾ ಬಿಟ್ಟರೆ ಇಷ್ಟು ತಯಾರಿಸುವ ದೇಶ ಬೇರೊಂದಿಲ್ಲ. 2025-26ರ ಕೇಂದ್ರ ಬಜೆಟ್ಟಿನಲ್ಲಿ ರಸ್ತೆ, ರೈಲು, ಸೇತುವೆಯಂಥ ಬಂಡವಾಳ ವೆಚ್ಚಕ್ಕೆಂದು ಇಟ್ಟ ಹಣ 11.21 ಲಕ್ಷ ಕೋಟಿ ರೂಪಾಯಿ.

ಇಷ್ಟು ಕೇಳಿದರೆ ಎಲ್ಲವೂ ಏರುಮುಖ ಎನ್ನಿಸುತ್ತದೆ. ಹಾಗೇನಿಲ್ಲ. ರಾಷ್ಟ್ರೀಯ ಹೆದ್ದಾರಿಗಳನ್ನೇ ನೋಡಿ. 2020-21ರಲ್ಲಿ 13,300 ಕಿಲೋಮೀಟರಿಗೂ ಹೆಚ್ಚು ಹೆದ್ದಾರಿ ಕಟ್ಟಿದ ದೇಶ 2024-25ರಲ್ಲಿ ಕಟ್ಟಿದ್ದು 10,600 ಕಿಲೋಮೀಟರಿನ ಆಸುಪಾಸು. ದೊಡ್ಡ ನಗರಗಳಲ್ಲಿ ಮಾರಾಟವಾಗುವ ಫ್ಲ್ಯಾಟುಗಳ ಪೈಕಿ ಕಡಿಮೆ ಬೆಲೆಯವುಗಳ ಪಾಲು ವರ್ಷದಿಂದ ವರ್ಷಕ್ಕೆ ಕರಗುತ್ತಿದೆ. ಕೋಟಿಯ ಮನೆಗಳದೇ ಭರಾಟೆ. ಕೆಲಸವಂತೂ ಇದೆ. ಅದು ಯಾರಿಗಾಗಿ, ಯಾರ ಕೈಯಿಂದ ಆಗುತ್ತಿದೆ ಎನ್ನುವುದು ಡೆಂಕಣಿಕೋಟೆಯಂಥ ಊರಿಗೆ ಹೆಚ್ಚು ಮುಖ್ಯ.

ಈ ಸೀಮೆಗೆ ಕಲ್ಲು ಹೊಸದಲ್ಲ. ಶೂಲಗಿರಿ ಸಮೀಪದ ಮಲ್ಲಚಂದ್ರಂ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಕಲ್ಲುಗೋರಿಗಳು ಇಂದಿಗೂ ನಿಂತಿವೆ. ನಾಲ್ಕು ಚಪ್ಪಡಿ ನೆಟ್ಟು, ಮೇಲೊಂದು ಚಪ್ಪಡಿ ಮುಚ್ಚಿ ಮಾಡಿದ ಕಲ್ಲಿನ ಮನೆಯಂಥವು. ಸಿಮೆಂಟಿಲ್ಲ, ಗಾರೆಯಿಲ್ಲ, ಭಾರವೇ ಅಂಟು. ಈ ಊರುಗಳಿರುವ ಕೃಷ್ಣಗಿರಿ ಜಿಲ್ಲೆಯ ಬಂಡೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಅಷ್ಟು ಹಳೆಯ ಬಂಡೆಯ ಮೇಲೆ ಕಟ್ಟಿಗೆ ಉರಿಸಿ, ಕಾವಿಗೆ ಸಡಿಲವಾದ ಪದರವನ್ನು ಗುರುತಿಸಿ, ಉಳಿಯಿಂದ ಸಾಲಾಗಿ ತೂತು ಹೊಡೆದು, ಬೆಣೆ ಇಳಿಸಿ ಚಪ್ಪಡಿ ಎಬ್ಬಿಸುವ ವಿದ್ಯೆ ಭೋವಿ ಜನರದ್ದು. ಸುತ್ತಿಗೆಯ ಸದ್ದು ಬದಲಾದ ಕ್ಷಣದಲ್ಲಿ ಕಲ್ಲು ಬಿರುಕು ಬಿಟ್ಟಿತೆಂದು ಅವರ ಕಿವಿಗೆ ತಿಳಿಯುತ್ತಿತ್ತು. ಇಲ್ಲಿನ ಹಳೆಯ ಹಳ್ಳಿಗಳಲ್ಲಿ ಮನೆಯ ಗೋಡೆಗೂ ಚಪ್ಪಡಿ, ಹೊಲದ ಬೇಲಿಗೂ ಕಲ್ಲಿನ ಕಂಬ. ಕೃಷ್ಣಗಿರಿಯ ಸುಳಿಸುಳಿ ಬಣ್ಣದ ಗ್ರಾನೈಟು ‘ಪ್ಯಾರಡೈಸೊ’ ಎಂಬ ಹೆಸರಿನಲ್ಲಿ ಹಡಗು ಹತ್ತಿ ಹೊರದೇಶದ ಅಡುಗೆಮನೆಗಳನ್ನೂ ಗೋರಿಗಳನ್ನೂ ಸೇರಿದೆ.

ಈಗ ಬಂಡೆಯಿಂದ ಚಪ್ಪಡಿ ಎಬ್ಬಿಸುವುದಕ್ಕಿಂತ ಪುಡಿ ಮಾಡುವುದೇ ಹೆಚ್ಚು. ನದಿಯ ಮರಳು ಮುಗಿದದ್ದೇ ಇದಕ್ಕೆ ಕಾರಣ. ದಕ್ಷಿಣ ಪಿನಾಕಿನಿಯೂ ಪಾಲಾರೂ ಕಾವೇರಿಯೂ ದಶಕಗಟ್ಟಲೆ ಲಾರಿಗೆ ಮೈಯೊಡ್ಡಿ ಬರಿದಾದವು. 2017ರ ನವೆಂಬರಿನಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ, ತಮಿಳುನಾಡಿನ ಮರಳು ಕ್ವಾರಿಗಳನ್ನು ಆರು ತಿಂಗಳಲ್ಲಿ ಮುಚ್ಚಬೇಕೆಂದು ಆದೇಶಿಸಿದ್ದು ಆ ಪರಿಸ್ಥಿತಿಯನ್ನು ನೋಡಿಯೇ. ಅದಕ್ಕೂ ಒಂದು ವರ್ಷ ಮುಂಚೆ, 2016ರಲ್ಲಿ, ಭಾರತೀಯ ಮಾನಕ ಸಂಸ್ಥೆ ತನ್ನ 383ನೇ ಮಾನಕವನ್ನು ತಿದ್ದಿ, ಕಾಂಕ್ರೀಟಿಗೆ ಬೇಕಾದ ಮರಳು ನದಿಯಿಂದಲೇ ಬರಬೇಕಿಲ್ಲ, ತಯಾರಿಸಿದ್ದೂ ಆಗುತ್ತದೆ ಎಂದು ಅಂಗೀಕರಿಸಿತ್ತು. ಹೀಗೆ ಎಂ-ಸ್ಯಾಂಡ್ ಮನೆಮಾತಾಯಿತು.

ಕ್ರಷರಿನಲ್ಲಿ ಬಂಡೆಯನ್ನು ಮೊದಲು ದವಡೆಯಂಥ ಯಂತ್ರ ಅಗಿಯುತ್ತದೆ. ಎರಡನೆಯ ಯಂತ್ರ ಅರೆಯುತ್ತದೆ. ಮೂರನೆಯದು ಕಲ್ಲಿಗೆ ಕಲ್ಲನ್ನೇ ಅಪ್ಪಳಿಸಿ ಕಾಳಿನ ಮೂಲೆಗಳನ್ನು ದುಂಡಗೆ ಮಾಡುತ್ತದೆ. ಈ ಮೂರನೆಯದಕ್ಕೆ ಖರ್ಚು ಹೆಚ್ಚು, ಆಮೇಲೆ ತೊಳೆಯುವುದಕ್ಕೆ ನೀರೂ ಬೇಕು. ಆ ಹಂತ ತಪ್ಪಿಸಿ, ಜಲ್ಲಿ ಒಡೆದಾಗ ಉಳಿಯುವ ಪುಡಿಯನ್ನೇ ಜರಡಿ ಹಿಡಿದು ‘ಎಂ-ಸ್ಯಾಂಡ್’ ಎಂದು ಮಾರುವವರೂ ಇದ್ದಾರೆ. ಅನುಭವಸ್ಥ ಮೇಸ್ತ್ರಿ ಲೋಡ್ ಬಿದ್ದ ಕೂಡಲೇ ಒಂದು ಹಿಡಿ ಎತ್ತಿ ಅಂಗೈಯಲ್ಲಿ ಉಜ್ಜಿ, ಕೈ ಕೊಡವುತ್ತಾನೆ. ಬಿಳಿಯ ಹಿಟ್ಟು ರೇಖೆಗಳಲ್ಲಿ ದಟ್ಟವಾಗಿ ಉಳಿದರೆ ಮುಖ ಗಂಟಿಕ್ಕುತ್ತಾನೆ. ಗಾಜಿನ ಬಾಟಲಿಯಲ್ಲಿ ಅರ್ಧ ಮರಳು, ಮೇಲೆ ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿಟ್ಟು ನೋಡುವುದೂ ಉಂಟು. ಮೇಲೆ ಕೂರುವ ಕೆನೆಯಂಥ ಪದರ ಎಷ್ಟು ದಪ್ಪವೋ ಅಷ್ಟು ಧೂಳು. ಮಾನಕದ ಪ್ರಕಾರ ಪುಡಿಗಲ್ಲಿನ ಮರಳಿನಲ್ಲಿ 75 ಮೈಕ್ರಾನಿಗಿಂತ ಸಣ್ಣ ಧೂಳು ನೂರಕ್ಕೆ ಹದಿನೈದು ಪಾಲಿನವರೆಗೆ ಇರಬಹುದು. ಅದು ದಾಟಿದರೆ ಕಾಂಕ್ರೀಟು ಹೆಚ್ಚು ನೀರು ಕೇಳುತ್ತದೆ, ಒಣಗುವಾಗ ಬಿರಿಯುತ್ತದೆ. ಆ ಬಿರುಕು ಕಾಣುವ ಹೊತ್ತಿಗೆ ಟಿಪ್ಪರಿನವನ ಲೆಕ್ಕ ಚುಕ್ತಾ ಆಗಿರುತ್ತದೆ. ಮನೆ ಕಟ್ಟಿಸುವವರು ಸಿಮೆಂಟಿನ ಕಂಪನಿಯನ್ನು ಹತ್ತು ಕಡೆ ವಿಚಾರಿಸುತ್ತಾರೆ; ಮರಳನ್ನೂ ಹಾಗೆಯೇ ವಿಚಾರಿಸಬೇಕು.

ಪೇಟೆ ಎಷ್ಟು ಸೂಕ್ಷ್ಮ ಎನ್ನುವುದಕ್ಕೆ 2025ರ ಏಪ್ರಿಲ್ ಸಾಕ್ಷಿ. ಖನಿಜವಿರುವ ಭೂಮಿಯ ಮೇಲೆ ತೆರಿಗೆ ಹಾಕುವ ಕಾಯ್ದೆಯನ್ನು ತಮಿಳುನಾಡು ಆ ತಿಂಗಳು ಜಾರಿಗೆ ತಂದಿತು. ಕಟ್ಟಡದ ಕಲ್ಲಿಗೆ ಟನ್ನಿಗೆ 90 ರೂಪಾಯಿ. ಕ್ವಾರಿ, ಕ್ರಷರ್ ಮಾಲೀಕರು ಮುಷ್ಕರ ಹೂಡಿದರು. ರಾಯಧನದ ಲೆಕ್ಕದಲ್ಲಿ ರಿಯಾಯಿತಿ ಸಿಕ್ಕಿದ ಮೇಲೆ ಅದು ನಿಂತಿತು. ನೂರು ಘನ ಅಡಿಯ ಒಂದು ಯೂನಿಟ್ ಎಂ-ಸ್ಯಾಂಡ್ ಸುಮಾರು ನಾಲ್ಕೂವರೆ ಟನ್ ತೂಗುತ್ತದೆ. ಅಂದರೆ ಯೂನಿಟ್ಟಿಗೆ ನಾನೂರು ರೂಪಾಯಿಯ ತೆರಿಗೆ. ದೊಡ್ಡ ಬಿಲ್ಡರ್ ಇದನ್ನು ಮುಂದಿನ ಫ್ಲ್ಯಾಟಿನ ಬೆಲೆಗೆ ಸೇರಿಸಬಲ್ಲ. ಲಿಂಟಲ್ ಮಟ್ಟಕ್ಕೆ ಬಂದು ನಿಂತ ಒಂದೇ ಮನೆಯ ಯಜಮಾನ ಅದನ್ನು ಯಾರ ಲೆಕ್ಕಕ್ಕೆ ಸೇರಿಸಬೇಕು? ಸರ್ಕಾರಕ್ಕೆ ಬಂಡೆಯಿಂದ ವರಮಾನ ಬರಲೇಬೇಕು, ಅದು ನ್ಯಾಯ. ಆದರೆ ದರ ಬದಲಿಸುವಾಗ ಆರು ತಿಂಗಳ ಮುನ್ಸೂಚನೆ ಕೊಟ್ಟರೆ ಎಷ್ಟೋ ಸಂಸಾರಗಳು ಸಾಲಕ್ಕೆ ಬೀಳುವುದು ತಪ್ಪುತ್ತದೆ.

ಆ ಒಂದು ಮನೆಯ ಲೆಕ್ಕವನ್ನೇ ಹಾಕೋಣ. ಮೇಸ್ತ್ರಿಗಳ ಬಾಯಿಲೆಕ್ಕದಲ್ಲಿ ಚದರಡಿಗೆ ಸಿಮೆಂಟ್ ಸುಮಾರು 0.4 ಚೀಲ, ಕಬ್ಬಿಣ ಸುಮಾರು ನಾಲ್ಕು ಕಿಲೋ. ಹತ್ತು ಚದರದ, ಅಂದರೆ ಸಾವಿರ ಚದರಡಿಯ ಮನೆಗೆ 400 ಚೀಲ ಸಿಮೆಂಟ್, ನಾಲ್ಕು ಟನ್ ಕಂಬಿ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿಯಿತು. ತೆರಿಗೆ ಸೇರಿ 350 ರೂಪಾಯಿಗೆ ಸಿಗುತ್ತಿದ್ದ ಚೀಲ, ಕಂಪನಿ ಇಳಿಕೆಯನ್ನು ಪೂರ್ತಿ ಕೊಟ್ಟರೆ, 27 ರೂಪಾಯಿ ಅಗ್ಗವಾಗಬೇಕು. ನಾನೂರು ಚೀಲಕ್ಕೆ ಹತ್ತು ಹನ್ನೊಂದು ಸಾವಿರ ಉಳಿತಾಯ. ‘ಪೂರ್ತಿ ಕೊಟ್ಟರೆ’ ಎಂಬ ಮಾತನ್ನು ಸುಮ್ಮನೆ ಸೇರಿಸಿದ್ದಲ್ಲ. ಸಿಮೆಂಟ್ ಪೇಟೆ ಕೆಲವೇ ಕೈಗಳಿಗೆ ಸರಿಯುತ್ತಿದೆ: 2022ರಲ್ಲಿ ಅಂಬುಜಾ, ಎ.ಸಿ.ಸಿ.ಗಳು ಅದಾನಿ ಸಮೂಹಕ್ಕೆ ಹೋದವು. 2024ರ ಕೊನೆಯಲ್ಲಿ ತಮಿಳುನಾಡಿನ ಹಳೆಯ ಇಂಡಿಯಾ ಸಿಮೆಂಟ್ಸ್ ಅಲ್ಟ್ರಾಟೆಕ್‌ನ ತೆಕ್ಕೆಗೆ ಬಂತು. ಮಾರುವವರು ಕಡಿಮೆಯಾದಷ್ಟೂ ಕೊಳ್ಳುವವನ ಚೌಕಾಸಿ ಬಲ ಕುಗ್ಗುತ್ತದೆ.

ಸಾಲದ ಕಡೆಯಿಂದ ಸುದ್ದಿ ಒಳ್ಳೆಯದು. ರಿಸರ್ವ್ ಬ್ಯಾಂಕ್ 2025ರ ಫೆಬ್ರುವರಿಯಲ್ಲಿ ಶೇ. 6.5 ಇದ್ದ ರೆಪೊ ದರವನ್ನು ಹಂತಹಂತವಾಗಿ ಇಳಿಸಿ ಡಿಸೆಂಬರ್ ಹೊತ್ತಿಗೆ 5.25ಕ್ಕೆ ತಂದಿತು. ಇಪ್ಪತ್ತು ವರ್ಷದ 20 ಲಕ್ಷದ ಸಾಲಕ್ಕೆ ಬಡ್ಡಿ ಒಂಬತ್ತರಿಂದ ಎಂಟಕ್ಕೆ ಇಳಿದರೆ ತಿಂಗಳ ಕಂತು ಸುಮಾರು 1,260 ರೂಪಾಯಿ ತಗ್ಗುತ್ತದೆ. ಇನ್ನು ಗುಡಿಸಲು ವಾಸಿಗಳಿಗೆ ತಮಿಳುನಾಡು ಸರ್ಕಾರದ ‘ಕಲೈಞರ್ ಕನವು ಇಲ್ಲಂ’ ಯೋಜನೆ ಇದೆ. 2030ರೊಳಗೆ ಎಂಟು ಲಕ್ಷ ಕಾಂಕ್ರೀಟ್ ಮನೆಗಳ ಗುರಿ, ಮನೆಗೆ ಮೂರೂವರೆ ಲಕ್ಷ ರೂಪಾಯಿ, ಅಳತೆ 360 ಚದರಡಿ. ಅಂಚೆಟ್ಟಿ, ತಳಿ ಕಡೆಯ ಗುಡ್ಡದ ಊರುಗಳಿಗೆ ಜಲ್ಲಿ ಸಾಗಿಸುವ ಬಾಡಿಗೆಯೇ ಮೈದಾನದ ಊರಿಗಿಂತ ಎಷ್ಟೋ ಹೆಚ್ಚು. ಎಲ್ಲ ಊರಿಗೂ ಒಂದೇ ಮೊತ್ತ ಕೊಟ್ಟರೆ ಗುಡ್ಡದವನ ಮನೆ ಪಾಯದಲ್ಲೇ ನಿಲ್ಲುತ್ತದೆ. ದಾರಿಯ ದೂರವನ್ನೂ ಮಂಜೂರಾತಿಯಲ್ಲಿ ಲೆಕ್ಕ ಹಿಡಿಯಬೇಕು.

ಇನ್ನು ಸೈಟಿನ ಮಾತು. ಹೊಸೂರಿನಿಂದ ಡೆಂಕಣಿಕೋಟೆಯವರೆಗೆ ರಾಗಿ ಹೊಲಗಳ ನಡುವೆ ಬಣ್ಣ ಬಳಿದ ಕಲ್ಲುಗಳು, ಬಾವುಟಗಳು, ಕಮಾನುಗಳು. ಬೆಂಗಳೂರಿನಲ್ಲಿ ಸೈಟು ಕೊಳ್ಳಲಾಗದವರು ಚಂದಾಪುರಕ್ಕೆ, ಅಲ್ಲಿಂದ ಅತ್ತಿಬೆಲೆಗೆ, ಅಲ್ಲಿಂದ ಹೊಸೂರಿಗೆ ಸರಿದಿದ್ದಾರೆ, ಈಗ ಇತ್ತ. 2016ರ ಸೆಪ್ಟೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಅನುಮೋದನೆಯಿಲ್ಲದ ಬಡಾವಣೆಗಳ ಸೈಟುಗಳ ನೋಂದಣಿಯನ್ನೇ ತಡೆಹಿಡಿದಾಗ ಈ ಪೇಟೆ ಒಮ್ಮೆಲೇ ನಿಂತುಹೋಗಿತ್ತು. ಮರುವರ್ಷ ಸಕ್ರಮ ಯೋಜನೆ ಬಂದು ಮತ್ತೆ ಚಾಲೂ ಆಯಿತು. ಆ ಪೆಟ್ಟು ತಿಂದವರಿಗೆ ಡಿ.ಟಿ.ಸಿ.ಪಿ., ಅಂದರೆ ನಗರ ಮತ್ತು ಗ್ರಾಮಾಂತರ ಯೋಜನಾ ನಿರ್ದೇಶನಾಲಯದ ಅನುಮೋದನೆಯ ಬೆಲೆ ಗೊತ್ತು. ‘ಪಂಚಾಯ್ತಿ ಅಪ್ರೂವಲ್ ಇದೆ’ ಎನ್ನುವ ಏಜೆಂಟನ ಮಾತನ್ನು ನಂಬಿ ಮಗಳ ಮದುವೆಗೆ ಕೂಡಿಟ್ಟ ಹಣ ಸುರಿಯುವವರು ಇಂದಿಗೂ ಇದ್ದಾರಲ್ಲ, ಅದು ಸಂಕಟದ ವಿಷಯ.

ಈ ನೆಲಕ್ಕೆ ಇನ್ನೊಬ್ಬ ಹಕ್ಕುದಾರನೂ ಇದ್ದಾನೆ. ರಾಗಿ ತೆನೆ ಬಲಿಯುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ಆನೆಗಳು ಜವಳಗಿರಿ, ನೊಗನೂರು ಕಾಡುಗಳ ಮೂಲಕ ಡೆಂಕಣಿಕೋಟೆ, ಸಾನಮಾವು ಕಡೆ ಬರುತ್ತವೆ. 2014ರಲ್ಲಿ ಈ ಬದಿಯ 500 ಚದರ ಕಿಲೋಮೀಟರಿಗೂ ಮಿಕ್ಕಿದ ಕಾಡು ‘ಕಾವೇರಿ ಉತ್ತರ’ ವನ್ಯಧಾಮವಾಯಿತು. ಕಾಡಿನ ಗಡಿ ನಕ್ಷೆಯಲ್ಲಿದೆ. ಆನೆಯ ದಾರಿ ನಕ್ಷೆಯ ಹೊರಗೂ ಇದೆ. ಆ ದಾರಿಯ ಮೇಲೆ ಬಡಾವಣೆಗೆ ಕಲ್ಲು ನೆಟ್ಟರೆ ಮುಂದೆ ಅಲ್ಲಿ ಮನೆ ಕಟ್ಟಿಕೊಂಡವನ ನಿದ್ದೆಯೂ ಕೆಡುತ್ತದೆ, ಆನೆಯ ಪ್ರಾಣಕ್ಕೂ ಕುತ್ತು.

ಮುಂದಿನ ದಿನಗಳ ಬೇಡಿಕೆಗೆ ಕೊರತೆ ಕಾಣುವುದಿಲ್ಲ. 2024ರ ಜೂನಿನಲ್ಲಿ ತಮಿಳುನಾಡು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ವಿಧಾನಸಭೆಯಲ್ಲಿ ಹೊಸೂರಿಗೆ 2,000 ಎಕರೆಯ ವಿಮಾನ ನಿಲ್ದಾಣ ಪ್ರಕಟಿಸಿದರು. ಬೆಂಗಳೂರಿನ ದೇವನಹಳ್ಳಿ ನಿಲ್ದಾಣದ ಒಪ್ಪಂದದಲ್ಲಿ 150 ಕಿಲೋಮೀಟರ್ ದೂರದೊಳಗೆ 2033ರವರೆಗೆ ಇನ್ನೊಂದು ನಿಲ್ದಾಣ ಬೇಡವೆಂಬ ಷರತ್ತಿದೆ. ಹಾಗಾಗಿ ಅದು ನಾಳೆಯೇ ಏಳುವ ಕಟ್ಟಡವಲ್ಲ. ಬೆಂಗಳೂರಿನ ಸುತ್ತ 280 ಕಿಲೋಮೀಟರಿನ ಉಪನಗರ ವರ್ತುಲ ರಸ್ತೆ ಹೊಸೂರಿನ ಬದಿಯನ್ನೂ ಮುಟ್ಟುತ್ತದೆ. 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದವರೆಗೆ ಬೆಂಗಳೂರಿನ ಹಳದಿ ಮಾರ್ಗದ ಮೆಟ್ರೊ ಓಡಾಡತೊಡಗಿದ ಮೇಲೆ ಅದನ್ನು ಹೊಸೂರಿಗೆ ಎಳೆಯುವ ಮಾತು ಮತ್ತೆ ಮತ್ತೆ ಬರುತ್ತಿದೆ. ಕೆಲಮಂಗಲ, ಉದ್ದನಪಳ್ಳಿ ಬದಿಗೆ ಟಾಟಾ ಎಲೆಕ್ಟ್ರಾನಿಕ್ಸ್‌ನ ಭಾರೀ ಕಾರ್ಖಾನೆ ಬಂದಮೇಲೆ ಬಾಡಿಗೆ ಮನೆ, ಹಾಸ್ಟೆಲುಗಳ ಬೇಡಿಕೆ ಹಳ್ಳಿಗಳವರೆಗೆ ಹಬ್ಬಿದೆ.

ಹಾಗಾದರೆ ಕೊರತೆ ಎಲ್ಲಿ? ಕೈಗಳಲ್ಲಿ.

ತಮಿಳುನಾಡು 1971ರಲ್ಲಿ ಕೈಗಾರಿಕೆಗಳನ್ನು ಬೆಳೆಸಲು ‘ಸಿಪ್ಕಾಟ್’ ನಿಗಮ ಕಟ್ಟಿ, ಹೊಸೂರಿನಲ್ಲಿ ಕೈಗಾರಿಕಾ ಪ್ರದೇಶ ಮಾಡಿ, ಎಂಬತ್ತರ ದಶಕದಲ್ಲಿ ಟಿ.ವಿ.ಎಸ್., ಅಶೋಕ್ ಲೇಲ್ಯಾಂಡ್, ಟೈಟನ್ ನೆಲೆಯೂರಿದಾಗಿನಿಂದ ಇಲ್ಲಿನ ಮಕ್ಕಳಿಗೆ ಒಂದು ಹೊಸ ಬಾಗಿಲು ತೆರೆಯಿತು. ಕಾರ್ಖಾನೆಯಲ್ಲಿ ತಿಂಗಳಿಗೊಂದು ಸಂಬಳ, ಪಿ.ಎಫ್., ಇ.ಎಸ್.ಐ., ಕರೆದೊಯ್ಯುವ ಬಸ್ಸು, ಮಧ್ಯಾಹ್ನದ ಊಟ. ಗಾರೆ ಕೆಲಸದಲ್ಲಿ ಮಳೆ ಬಂದರೆ ಕೂಲಿ ಇಲ್ಲ, ಬಿದ್ದರೆ ಆಸ್ಪತ್ರೆ ಖರ್ಚು ಮನೆಯದು. ಮೇಸ್ತ್ರಿಯ ಮಗ ಕರಣೆ ಹಿಡಿಯದೆ ಕಾರ್ಖಾನೆಯ ಬಸ್ಸು ಹತ್ತಿದರೆ ಅದನ್ನು ತಪ್ಪು ಎನ್ನಲಾಗದು. ಆ ಜಾಗಕ್ಕೆ ಒಡಿಶಾ, ಬಿಹಾರ, ಜಾರ್ಖಂಡ್, ಬಂಗಾಳದ ಹುಡುಗರು ಬಂದಿದ್ದಾರೆ. ಸೆಂಟ್ರಿಂಗ್ ಹಲಗೆಯ ಮೇಲೆ ಹಿಂದಿ, ಕೆಳಗೆ ಕನ್ನಡ, ತೆಲುಗು, ತಮಿಳು, ಕೆಲಸ ಸಾಗುತ್ತದೆ. ಆದರೆ ಛಟ್ ಹಬ್ಬಕ್ಕೋ ಚುನಾವಣೆಗೋ ಅವರು ಊರಿಗೆ ಹೊರಟರೆ ಹೊಸೂರು ರಸ್ತೆಯ ಅರ್ಧ ಕಟ್ಟಡಗಳು ಮೌನವಾಗುತ್ತವೆ.

ಇಲ್ಲೇ ಉಳಿದು ಕೆಲಸ ಮಾಡುವವರಿಗೆ ಏನಿದೆ? ಕಟ್ಟಡ ಕಾರ್ಮಿಕರಿಗೆ ತಮಿಳುನಾಡು ತೊಂಬತ್ತರ ದಶಕದ ನಡುವಿನಲ್ಲೇ ಕಲ್ಯಾಣ ಮಂಡಳಿ ಮಾಡಿತು. 1996ರ ಕೇಂದ್ರ ಕಾಯ್ದೆಯ ಬಳಿಕ ಕಟ್ಟಡದ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ ವಸೂಲಾಗುತ್ತದೆ. ಅದರಿಂದ ಪಿಂಚಣಿ, ಹೆರಿಗೆ ಸಹಾಯ, ಮಕ್ಕಳ ಓದಿನ ಸಹಾಯ. ಸೆಸ್ ಕಟ್ಟುವುದು ಕಟ್ಟಡ ಇರುವ ರಾಜ್ಯಕ್ಕೆ. ಡೆಂಕಣಿಕೋಟೆಯ ಗಾರೆಯಾಳು ಈ ವಾರ ಆನೇಕಲ್ಲಿನಲ್ಲಿ, ಮುಂದಿನ ವಾರ ರಾಯಕೋಟೆಯಲ್ಲಿ, ಆಮೇಲೆ ಸರ್ಜಾಪುರದಲ್ಲಿ. ನೋಂದಣಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಬೇಕು. ಅವನ ತೊಂಬತ್ತು ದಿನ ಎರಡು ರಾಜ್ಯಗಳಲ್ಲಿ ಹರಿದು ಹಂಚಿಹೋಗಿರುತ್ತವೆ. ಅವನು ಎತ್ತಿದ ಗೋಡೆಯ ಸೆಸ್ ಬೆಂಗಳೂರಿನಲ್ಲಿ, ಅವನ ರೇಷನ್ ಕಾರ್ಡು ಇಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ಇಲ್ಲಿನ ತಮಿಳು ಅರ್ಜಿ ತುಂಬುವುದೂ ಕಷ್ಟ. ಬಾಂಡಲಿ ಹೊರುವ ಹೆಂಗಸರ ಪಾಡು ಇದಕ್ಕಿಂತ ಕಷ್ಟ. ದಿನವಿಡೀ ಅಷ್ಟೇ ಭಾರ ಹೊತ್ತರೂ ಕೂಲಿ ಗಂಡಸಿನದಕ್ಕಿಂತ ಕಡಿಮೆ. ಮೂವತ್ತು ವರ್ಷ ಗಾರೆ ಕಲಸಿದರೂ ‘ಮೇಸ್ತ್ರಿ’ ಎನ್ನಿಸಿಕೊಳ್ಳುವ ಹೆಣ್ಣು ಬೆರಳೆಣಿಕೆ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ರಾಜ್ಯ ಬಿಟ್ಟು ರಾಜ್ಯಕ್ಕೆ ಹೋಗುವ ಕಟ್ಟಡ ಕಾರ್ಮಿಕನಿಗೆ ಸೌಲಭ್ಯವೂ ಜೊತೆಗೇ ಹೋಗಬೇಕು ಎಂಬ ಮಾತು ಅವುಗಳಲ್ಲಿದೆ. ಆ ಮಾತು ಎಲ್ಲಿಯಾದರೂ ಮೊದಲು ಕೆಲಸಕ್ಕೆ ಬರಬೇಕಾದರೆ ಅದು ಹೊಸೂರು, ಅತ್ತಿಬೆಲೆ ನಡುವೆ ಬರಲಿ. ಎರಡೂ ರಾಜ್ಯಗಳ ಕಲ್ಯಾಣ ಮಂಡಳಿಗಳು ಒಂದೇ ಪುಸ್ತಕದಲ್ಲಿ ದಿನ ಬರೆದುಕೊಳ್ಳುವ ಏರ್ಪಾಡು ಆದರೆ ಸಾಕು. ಗಡಿಯಲ್ಲಿ ಒಂದು ಕಚೇರಿ, ಮೂರು ಭಾಷೆಯ ಅರ್ಜಿ, ಭಾನುವಾರ ಬಾಗಿಲು ತೆರೆದಿರಬೇಕು, ಏಕೆಂದರೆ ಇವರಿಗೆ ಪುರುಸೊತ್ತು ಸಿಗುವುದು ಭಾನುವಾರವೇ. ಮೆಟ್ರೊ, ವಿಮಾನ ನಿಲ್ದಾಣಕ್ಕಾಗಿ ಎರಡು ಸರ್ಕಾರಗಳು ಮಾತಾಡುತ್ತವೆ. ಅವನ್ನು ಕಟ್ಟುವವನ ಬಗ್ಗೆಯೂ ಮಾತಾಡಲಿ. ಪಿಂಚಣಿಯ ಭರವಸೆ ಇದ್ದರೆ ಮೇಸ್ತ್ರಿಯ ಮಗ ಕರಣೆಯನ್ನು ಇನ್ನೊಮ್ಮೆ ಕೈಗೆತ್ತಿಕೊಂಡು ನೋಡಿಯಾನು.

ಡೆಂಕಣಿಕೋಟೆಯಲ್ಲಿ ಮೋಲ್ಡ್ ಹಾಕುವ ದಿನ ಬೆಳಗ್ಗೆ ಆರಕ್ಕೆ ಮಿಕ್ಸರ್ ಗಡಗಡಿಸತೊಡಗುತ್ತದೆ. ಮೆಟ್ಟಿಲ ಮೇಲೆ ಸಾಲು ನಿಂತು ಬಾಂಡಲಿ ಕೈಯಿಂದ ಕೈಗೆ ಏರುತ್ತದೆ, ಖಾಲಿಯಾದದ್ದು ಕೆಳಗೆ ಬೀಳುತ್ತದೆ. ನಡುವೆ ನಿಲ್ಲಿಸುವಂತಿಲ್ಲ, ನಿಂತರೆ ಹಳೆಯ ಕಾಂಕ್ರೀಟಿಗೂ ಹೊಸದಕ್ಕೂ ಕೂಡುಗೆರೆ ಬಿದ್ದು ಅಲ್ಲಿಂದಲೇ ನೀರು ಸೋರುತ್ತದೆ. ಮನೆಯೊಡತಿ ಎಲ್ಲರಿಗೂ ಊಟ ಹಾಕಿಸಿ, ಮೇಸ್ತ್ರಿಗೆ ತಾಂಬೂಲ ಕೊಡುತ್ತಾಳೆ. ಸಂಜೆ ಮೇಸ್ತ್ರಿ ಹೊರಡುವ ಮುಂಚೆ ಯಜಮಾನನನ್ನು ಮಾಳಿಗೆಗೆ ಕರೆದುಕೊಂಡು ಹೋಗಿ ತೋರಿಸುತ್ತಾನೆ: ನಾಳೆ ಬೆಳಗ್ಗೆ ಗಾರೆಯಿಂದ ಸಣ್ಣ ಪಾತಿ ಕಟ್ಟಿ ನೀರು ನಿಲ್ಲಿಸಬೇಕು, ಹಾರುಬೂದಿ ಬೆರೆತ ಸಿಮೆಂಟಾದ್ದರಿಂದ ಹತ್ತು ದಿನ ಒಣಗಬಾರದು, ಬೋರು ಕೈಕೊಟ್ಟರೆ ಟ್ಯಾಂಕರಾದರೂ ಸರಿ. ಆಮೇಲೆ ಕರಣೆ ತೊಳೆದು ಸಿಮೆಂಟ್ ಚೀಲಕ್ಕೆ ಇಳಿಸುತ್ತಾನೆ. ಸೋಮವಾರ ಅವನಿಗೆ ಚಂದಾಪುರದಲ್ಲಿ ಕೆಲಸ. ಮೊದಲ ಬಸ್ಸು ಹಿಡಿಯಬೇಕು.